ಬೆಲೆಯೂ ಬಾಳಿಕೆಯೂ: ಒಂದು ಕ್ಯಾಮೆರಾದ ವಿಚಾರ

ಸಂತೆಯಲ್ಲಿ ಎತ್ತು ಕೊಳ್ಳುವವನು ಮೊದಲು ಹಲ್ಲು ನೋಡುತ್ತಾನೆ, ನಡಿಗೆ ನೋಡುತ್ತಾನೆ, ಆಮೇಲೆ ಬೆಲೆ ಕೇಳುತ್ತಾನೆ. ಓದು ಕಲಿತ ನಾವಾದರೋ ಮೊದಲು ಬೆಲೆ ಕೇಳಿ, ಅದು ಹೆಚ್ಚಾಗಿದ್ದಷ್ಟೂ ವಸ್ತು ಉತ್ತಮವೆಂದು ನಂಬಿಬಿಡುತ್ತೇವೆ. ಈ ಎರಡು ರೀತಿಗಳಲ್ಲಿ ವಿವೇಕದ್ದು ಯಾವುದೆಂಬ ಪ್ರಶ್ನೆ ನನ್ನ ಮುಂದೆ ಒಂದು ಕ್ಯಾಮೆರಾದ ರೂಪದಲ್ಲಿ ಬಂದಿತು. ಅದನ್ನೇ ಸಹಪಾಠಿಗಳ ಮತ್ತು ಗುರುಗಳ ಮುಂದಿಡುತ್ತಿದ್ದೇನೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಓದಿನ ಖರ್ಚಿಗೆಂದು ರಜಾದಿನಗಳಲ್ಲಿ ಮದುವೆಗಳ ಛಾಯಾಚಿತ್ರ ತೆಗೆಯುವ ಕೆಲಸಕ್ಕೆ ಹೋಗುತ್ತೇನೆ. ಆದ್ದರಿಂದ ಕ್ಯಾಮೆರಾ ನನಗೆ ವಿನೋದದ ವಸ್ತುವಲ್ಲ; ಅಪ್ಪನಿಗೆ ಕುಡುಗೋಲು ಹೇಗೋ ನನಗೆ ಅದು ಹಾಗೆ.

ಕಳೆದ ಶ್ರಾವಣದ ಒಂದು ಭಾನುವಾರ ದೇವನಹಳ್ಳಿಯ ಕೋಟೆಯ ಬಾಗಿಲಲ್ಲಿ ನಿಂತಿದ್ದೆ. 2008ರಲ್ಲಿ ವಿಮಾನ ನಿಲ್ದಾಣ ಬಂದಂದಿನಿಂದ ದೂರದೂರದ ಪ್ರಯಾಣಿಕರು ನಮ್ಮೂರಿನ ಬಳಿ ಇಳಿಯುತ್ತಾರೆ. ಅವರಲ್ಲಿ ಕೆಲವರು ಟಿಪ್ಪು ಹುಟ್ಟಿದ ಸ್ಥಳವನ್ನು ನೋಡಲು ಬರುವುದುಂಟು. ಅಂದು ಬಂದಿದ್ದ ಹಿರಿಯರೊಬ್ಬರ ಕೊರಳಲ್ಲಿ ಲೈಕಾ ಕಂಪನಿಯ ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾ ತೂಗುತ್ತಿತ್ತು. ನನ್ನ ಕಣ್ಣು ಅದರ ಮೇಲೆಯೇ ಇದ್ದುದನ್ನು ಕಂಡು, "ಬಾ ತಮ್ಮಾ, ನೀನೂ ಹಿಡಿದು ನೋಡು" ಎಂದು ಅರ್ಧ ಗಂಟೆ ಅದನ್ನು ನನ್ನ ಕೈಗೆ ಕೊಟ್ಟರು.

ಈ ಬಗೆಯ ಕ್ಯಾಮೆರಾದಲ್ಲಿ ನಾವು ನೋಡುವುದು ಮಸೂರದ ಮೂಲಕ ಅಲ್ಲ, ಅದರ ಮೇಲ್ಗಡೆಯ ಪುಟ್ಟ ಕಿಟಕಿಯ ಮೂಲಕ. ಇನ್ನೊಂದು ಕಿಟಕಿಯಿಂದ ಬಂದ ಬಿಂಬವು ನೋಟದ ನಡುವೆ ತೆಳ್ಳಗೆ ಕಾಣುತ್ತದೆ. ಮಸೂರದ ಉಂಗುರವನ್ನು ತಿರುಗಿಸಿ ಎರಡು ಬಿಂಬಗಳನ್ನೂ ಒಂದರಲ್ಲೊಂದು ಕೂಡಿಸಿದರೆ ಚಿತ್ರ ಸ್ಫುಟವಾಗುತ್ತದೆ. ಯಂತ್ರ ತಾನಾಗಿ ಇದನ್ನು ಮಾಡಿಕೊಡುವುದಿಲ್ಲ. ಕೈಯೂ ಕಣ್ಣೂ ಕೂಡಿ ದುಡಿಯಬೇಕು.

ಮೆಚ್ಚತಕ್ಕದ್ದನ್ನು ಮೊದಲು ಹೇಳುವುದು ನ್ಯಾಯ. ಆ ಕಿಟಕಿಯಲ್ಲಿ ಚಿತ್ರದ ಚೌಕಟ್ಟಿನ ಹೊರಗಿನದೂ ಕಾಣುತ್ತದೆ; ನಡೆದು ಬರುವವನು ಚೌಕಟ್ಟನ್ನು ಹೊಗುವ ಮುನ್ನವೇ ನಮಗೆ ಗೋಚರಿಸುತ್ತಾನೆ. ಗುಂಡಿ ಒತ್ತಿದರೆ ಸದ್ದು ಅತ್ಯಲ್ಪ. ಬಾಗಿಲ ಬಳಿ ಹೂ ಕಟ್ಟುತ್ತಿದ್ದ ಅಜ್ಜಿಯನ್ನು ಕೇಳಿ ಮೂರು ಚಿತ್ರ ತೆಗೆದೆ. ದೊಡ್ಡ ಕ್ಯಾಮೆರಾ ಕಂಡರೆ ಸೆರಗು ಸರಿಪಡಿಸಿಕೊಂಡು ಬಿಗಿದು ಕೂಡುವ ಆಕೆ ಅಂದು ತನ್ನ ಪಾಡಿಗೆ ದಾರ ಸುತ್ತುತ್ತಲೇ ಇದ್ದಳು. 1948ರ ಜನವರಿಯಲ್ಲಿ ದೆಹಲಿಯಲ್ಲಿ ಗಾಂಧೀಜಿಯವರ ಕಡೆಯ ದಿನಗಳನ್ನು ಚಿತ್ರಿಸಿದ ಫ್ರಾನ್ಸಿನ ಆನ್ರಿ ಕಾರ್ಟಿಯೆ-ಬ್ರೆಸೊ ಇಂಥ ಕ್ಯಾಮೆರಾವನ್ನೇ ಏಕೆ ನೆಚ್ಚಿದ್ದರೆಂಬುದು ಆಗ ನನಗೆ ತಿಳಿಯಿತು.

ಆದರೆ ನನ್ನ ಕೆಲಸಕ್ಕೆ ಇದು ಒದಗೀತೇ? ಮಾಂಗಲ್ಯಧಾರಣೆ ಒಂದೇ ಸಲ ನಡೆಯುತ್ತದೆ. ಅಕ್ಷತೆ ಮೇಲೆ ಬೀಳುತ್ತಿರುವಾಗ, ಬಂಧುಗಳು ಹೆಗಲ ಮೇಲೆ ಒರಗುತ್ತಿರುವಾಗ ಎರಡು ಬಿಂಬಗಳನ್ನು ಕೂಡಿಸುತ್ತ ಕುಳಿತರೆ ಮುಹೂರ್ತ ಕಾಯುವುದಿಲ್ಲ. ಸಾಮಾನ್ಯವಾಗಿ 70 ಸೆಂಟಿಮೀಟರಿಗಿಂತ ಹತ್ತಿರದ ವಸ್ತುವನ್ನು ಈ ಕಿಟಕಿಯ ಬಿಂಬಗಳಿಂದ ಸ್ಫುಟಗೊಳಿಸಲಾಗದು. ವಧುವಿನ ಉಂಗುರದ ಚಿತ್ರ ಹೇಗೆ ಬಂದೀತು? ದೂರದ ವಸ್ತುವಿಗೂ ಮಿತಿಯುಂಟು. ನಮ್ಮ ನಾಡಿನ ಟಿ. ಎನ್. ಎ. ಪೆರುಮಾಳ್ ಅವರಂತೆ ವನ್ಯಜೀವಿಗಳ ಚಿತ್ರ ತೆಗೆಯಬೇಕೆಂಬ ಹಂಬಲವುಳ್ಳವರಿಗೆ ಈ ಕಿಟಕಿಯ ನೋಟ ಸಾಲದು.

ಇನ್ನು ಬೆಲೆ. 2022ರ ಜನವರಿಯಲ್ಲಿ ಬಂದ ಎಂ11 ಎಂಬುದಕ್ಕೆ ಅಮೆರಿಕದಲ್ಲಿ ಇಟ್ಟ ಬೆಲೆ 8,995 ಡಾಲರ್. ಆಗಿನ ಲೆಕ್ಕದಲ್ಲಿ ಅದು ಆರೂವರೆ ಲಕ್ಷ ರೂಪಾಯಿಗೂ ಮೇಲೆ. ಮಸೂರವೂ ಸುಂಕವೂ ಬೇರೆ. ಹಿರಿಯರು ಇದಕ್ಕೊಂದು ಸಮಾಧಾನ ಹೇಳಿದರು: "ಇದು ಖರ್ಚಲ್ಲ ತಮ್ಮಾ, ಆಸ್ತಿ. ಈ ಮಸೂರ ನೋಡು, 1960ರ ದಶಕದ್ದು. ಇವತ್ತಿಗೂ ಇದಕ್ಕೆ ಕೂಡುತ್ತೆ."

ಮಾತು ಸುಳ್ಳಲ್ಲ. 1954ರಲ್ಲಿ ಎಂ3 ಬಂದಾಗ ಮಸೂರ ಕೂಡಿಸಲು ಯಾವ ಬಗೆಯ ಕಂಠವಿತ್ತೋ ಇಂದಿನ ಎಂ11ಕ್ಕೂ ಅದೇ ಇದೆ. ಆ ಎಂ3ಗಳೂ ಅನೇಕರ ಕೈಯಲ್ಲಿ ಇನ್ನೂ ನಡೆಯುತ್ತಿವೆ, ಏಕೆಂದರೆ ಅದು ಹಲ್ಲುಚಕ್ರ, ಸ್ಪ್ರಿಂಗು, ಗಾಜುಗಳ ಯಂತ್ರ. ಬಲ್ಲವನು ಬಿಚ್ಚಬಹುದು, ಒರೆಸಬಹುದು, ಮತ್ತೆ ಜೋಡಿಸಬಹುದು. ತಂದೆಯದು ಮಗನಿಗೆ ಬರುತ್ತದೆ. ಅಂಥದಕ್ಕೆ ಆಸ್ತಿಯ ಬೆಲೆ ಕೊಟ್ಟವನನ್ನು ಮೂಢನೆನ್ನಲಾರೆ.

ಆದರೆ ಡಿಜಿಟಲ್ ಕ್ಯಾಮೆರಾದ ಕಥೆಯೇ ಬೇರೆ. ಲೈಕಾ ಕಂಪನಿಯ ಮೊದಲ ಡಿಜಿಟಲ್ ರೇಂಜ್‌ಫೈಂಡರ್ ಎಂ8 ಬಂದದ್ದು 2006ರಲ್ಲಿ. ಅದರಲ್ಲಿ ಕೆಲವು ಕಪ್ಪು ಬಟ್ಟೆಗಳು ನೇರಳೆಯಾಗಿ ಕಂಡವು. ಕೊಂಡವರಿಗೆ ಕಂಪನಿ ಎರಡೆರಡು ಫಿಲ್ಟರುಗಳನ್ನು ಉಚಿತವಾಗಿ ಕೊಡಬೇಕಾಯಿತು. 2009ರ ಎಂ9ರಲ್ಲಿ ಸೆನ್ಸರಿನ ಮೇಲಿನ ಗಾಜು ಕಾಲಕ್ರಮದಲ್ಲಿ ಸವೆದು ಚಿತ್ರದ ಮೇಲೆ ಕಲೆಗಳು ಮೂಡಿದವು. ಕಂಪನಿ ಮೊದಲು ಉಚಿತವಾಗಿಯೇ ಬದಲಿಸಿಕೊಟ್ಟಿತು. ಅದಕ್ಕೆ ಶ್ಲಾಘನೆ ಸಲ್ಲಬೇಕು. ಆದರೆ ಕೆಲವು ವರ್ಷಗಳಲ್ಲಿ ಬದಲಿ ಸೆನ್ಸರುಗಳ ದಾಸ್ತಾನೇ ತೀರಿತು. 1954ರ ಯಂತ್ರಕ್ಕೆ ದುರಸ್ತಿಯುಂಟು, 2009ರ ಯಂತ್ರದ ಹೃದಯಕ್ಕೆ ಕಂಪನಿಯಲ್ಲಿ ಬದಲಿ ಇಲ್ಲ. ಮಸೂರ ಆಸ್ತಿಯಾಗಿ ಉಳಿಯುತ್ತದೆ. ಅದನ್ನು ಹೊತ್ತ ಒಡಲಿಗೆ ಆಯುಸ್ಸು ನಮ್ಮ ಜೇಬಿನ ಫೋನಿನ ಜಾತಿಯದು. ಆಸ್ತಿಯ ಬೆಲೆ ತೆತ್ತು ಫೋನಿನ ಆಯುಸ್ಸನ್ನು ಕೊಳ್ಳುವುದು ಲಾಭದ ವ್ಯಾಪಾರವೇ?

ದುರಸ್ತಿಯ ಮಾತನ್ನು ನಾನಿಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಎರಡು ವರ್ಷದ ಹಿಂದೆ ಅಪ್ಪ ನಾಲ್ಕು ಕುರಿ ಮಾರಿ ನನಗೊಂದು ಸಾಧಾರಣ ಕ್ಯಾಮೆರಾ ಕೊಡಿಸಿದ್ದ. ಅದೂ ಒಬ್ಬರು ಬಳಸಿ ಬಿಟ್ಟದ್ದೇ. ಮರುವರ್ಷದ ವೈಶಾಖದಲ್ಲಿ, ಮದುವೆಗಳು ಸಾಲುಗಟ್ಟಿ ನಿಂತಿದ್ದಾಗ, ಅದರ ಷಟರ್ ಕೆಟ್ಟಿತು. ಬೆಂಗಳೂರಿನ ಒಂದು ದುರಸ್ತಿ ಅಂಗಡಿಗೆ ಒಯ್ದೆ. "ಸಾಮಾನು ಬರಬೇಕು, ಮುಂದಿನ ವಾರ ಬಾ" ಎಂದರು. ಹೀಗೆ ಆರು ವಾರ ಬಸ್ಸಿನ ಕಾಸು ಕಳೆದೆ. ಕೈತಪ್ಪಿದ ಮದುವೆಗಳು ನಾಲ್ಕು. ಆ ವರ್ಷದ ಪರೀಕ್ಷಾ ಶುಲ್ಕಕ್ಕೆ ಅವ್ವನ ಚೀಟಿಯ ಹಣ ಬಂತು. ಅವ್ವ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ನನಗೆ ಭಾರವಾಯಿತು.

ಕೋಟೆಯಲ್ಲಿ ಕಂಡ ಕ್ಯಾಮೆರಾದ ವಿಷಯವನ್ನು ಅಂದು ರಾತ್ರಿ ಮನೆಯಲ್ಲಿ ಬಣ್ಣಿಸಿದೆ. ಅಪ್ಪ ಬೆಲೆ ಕೇಳಲೇ ಇಲ್ಲ. "ಅಲ್ಲ ಕಣಪ್ಪ, ಅದು ಕೆಟ್ರೆ ಮಾಡಿಕೊಡೋರು ಎಲ್ಲವ್ರೆ?" ಎಂದ. ಅಪ್ಪನ ಕೈಯಲ್ಲಿರುವುದು ನನ್ನ ತಾತನ ಎಚ್.ಎಂ.ಟಿ. ಗಡಿಯಾರ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಆರಂಭವಾದ ಆ ಗಡಿಯಾರದ ಉದ್ಯಮ 2016ರಲ್ಲಿ ಮುಚ್ಚಿತು. ಕಾರ್ಖಾನೆ ಸತ್ತರೂ ಗಡಿಯಾರ ಸತ್ತಿಲ್ಲ. ನಮ್ಮ ಪೇಟೆಯ ಮುದುಕರೊಬ್ಬರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಅರ್ಧ ಗಂಟೆಯಲ್ಲಿ ಅದನ್ನು ನಡೆಸಿಕೊಡುತ್ತಾರೆ. ಶಾಲೆಗೆ ಹೋಗದ ಅಪ್ಪ ಕೇಳಿದ ಪ್ರಶ್ನೆ ಅರ್ಥಶಾಸ್ತ್ರ ಓದುತ್ತಿರುವ ನನಗೆ ಮೊದಲು ಹೊಳೆಯಲಿಲ್ಲವಲ್ಲ ಎಂದು ನಾಚಿದೆ.

ಇದಕ್ಕೆ ಪ್ರತಿಯಾಗಿ ಹೇಳುವವರು ಇದ್ದಾರೆ. ಇಂಥ ಕ್ಯಾಮೆರಾ ತಾಳ್ಮೆಯನ್ನು ಕಲಿಸುತ್ತದೆ, ನೋಡುವುದನ್ನು ಕಲಿಸುತ್ತದೆ, ಅದಕ್ಕೆ ಬೆಲೆ ಕಟ್ಟಲಾದೀತೇ ಎನ್ನುತ್ತಾರೆ. ಕಲಿಸುವುದು ದಿಟ; ಅರ್ಧ ಗಂಟೆಯಲ್ಲಿ ನಾನೂ ಕಲಿತೆ. ಆದರೆ ಆ ಪಾಠ ನನ್ನ ಹಳೆಯ ಕ್ಯಾಮೆರಾದಲ್ಲಿಯೂ ಮುಂದುವರಿದಿದೆ. ಈಗ ನಾನು ಬಿಡುವಿನಲ್ಲಿ ಸ್ವಯಂಚಾಲನೆಯನ್ನು ಆರಿಸಿ, ಒಂದೇ ಮಸೂರ ಹಾಕಿ, ದಿನಕ್ಕೆ ಹನ್ನೆರಡೇ ಚಿತ್ರವೆಂದು ನಿಯಮ ಮಾಡಿಕೊಂಡಿದ್ದೇನೆ. ತಾಳ್ಮೆಗೆ ಆರೂವರೆ ಲಕ್ಷ ಬೇಕಿಲ್ಲ.

ಕೈತುಂಬ ಹಣವುಳ್ಳ ರಸಿಕರು ಅದನ್ನು ಕೊಂಡರೆ ನನಗೆ ಅಸೂಯೆಯಿಲ್ಲ. ಒಂದು ಕೆಟ್ಟರೆ ಅವರಿಗೆ ಇನ್ನೊಂದಿರುತ್ತದೆ. ಆದರೆ ನಮ್ಮಂಥವರಿಗೆ, ಅಂದರೆ ಸಾಧನವೇ ಜೀವನೋಪಾಯವಾದವರಿಗೆ, ಆ ಬೆಲೆ ಸಾರ್ಥಕವಲ್ಲವೆಂಬುದು ನನ್ನ ನಿಶ್ಚಿತ ಅಭಿಪ್ರಾಯ. ಈಚೆಗೆ ನಮ್ಮ ತರಗತಿಯಲ್ಲಿಯೇ ಕೆಲವರು ಕಂತಿನ ಸಾಲದಲ್ಲಿ ಬೆಲೆಬಾಳುವ ಫೋನು, ಕ್ಯಾಮೆರಾ, ಬೈಕುಗಳನ್ನು ಕೊಳ್ಳುತ್ತಿದ್ದಾರೆ. ಅವರಲ್ಲಿ ನನ್ನದೊಂದು ವಿನಂತಿ. ಅಂಗಡಿಯವನು ಬೆಲೆ ಹೇಳುವ ಮೊದಲು ನೀವೇ ಕೇಳಿ: ಕೆಟ್ಟರೆ ಯಾರು ಮಾಡುತ್ತಾರೆ, ಎಷ್ಟು ದಿನ ಹಿಡಿಯುತ್ತದೆ, ಹತ್ತು ವರ್ಷದ ಮೇಲೂ ಇದರ ಸಾಮಾನು ಸಿಕ್ಕುತ್ತದೆಯೇ? ಉತ್ತರ ತೃಪ್ತಿಕರವಾಗಿದ್ದರೆ ಆಮೇಲೆ ಬೆಲೆಯ ಮಾತು.

ಕೋಟೆಯ ಹಿರಿಯರು ತಾವು ಹೇಳಿದಂತೆ ಆ ಮೂರು ಚಿತ್ರಗಳನ್ನು ಕಳುಹಿಸಿದರು. ಒಂದನ್ನು ಅಚ್ಚು ಹಾಕಿಸಿ ಹೂವಿನ ಅಜ್ಜಿಗೆ ಕೊಟ್ಟೆ. ಯಾವ ಕ್ಯಾಮೆರಾ ಎಂದು ಆಕೆ ಕೇಳಲಿಲ್ಲ. "ನನ್ನ ಕೈ ಚೆನ್ನಾಗಿ ಬಂದೈತೆ ಕಣೋ" ಎಂದು ಒಂದು ಮೊಳ ಕನಕಾಂಬರ ಕೊಟ್ಟಳು.