ಊರ ನಡುವೆ ಮನೆಗೆ ಜಾಗವಿದೆ

ಮೈಸೂರಿನಲ್ಲಿ ಮನೆ ಮಾಡಬೇಕೆಂದು ಹೊರಟವರ ಮಾತು ರಿಂಗ್ ರಸ್ತೆಯಿಂದಲೇ ಶುರುವಾಗುತ್ತದೆ. ರಿಂಗ್ ರಸ್ತೆಗೆ ಎಷ್ಟು ದೂರ, ಖಾತೆ ಆಗಿದೆಯೇ, ಕಾವೇರಿ ನೀರು ಬಂದಿದೆಯೇ, ಯುಜಿಡಿ (ಒಳಚರಂಡಿ) ಹಾಕಿದ್ದಾರೆಯೇ, ವಿಚಾರಿಸುವುದು ಇಷ್ಟೇ. ದೇವರಾಜ ಮೊಹಲ್ಲಾದಲ್ಲೋ ಶಿವರಾಂಪೇಟೆಯಲ್ಲೋ ಮನೆ ಬೇಕು ಎಂದರೆ, ‘ಅಲ್ಲಿ ಅಂಗಡಿ ಬೇಕಾದ್ರೆ ಹೇಳಿ ಸಾರ್, ಕೊಡಿಸ್ತೀನಿ’ ಎನ್ನುತ್ತಾರೆ ಬ್ರೋಕರ್‌ಗಳು. ಊರ ನಡುಭಾಗ ವ್ಯಾಪಾರಕ್ಕೆ, ಸಂಸಾರ ಹೂಡುವುದು ಊರಾಚೆ ಎಂದು ನಾವೆಲ್ಲ ಒಪ್ಪಿಕೊಂಡು ಕೂತಿದ್ದೇವೆ. ಮೈಸೂರಿಗೆ ಮುಂದೆ ಬೇಕಾಗುವ ಮನೆಗಳಲ್ಲಿ ಒಂದು ಪಾಲನ್ನು ಊರ ನಡುವೆಯೇ ಹುಡುಕಬಹುದು, ಅದಕ್ಕೆ ಹತ್ತು ಅಂತಸ್ತಿನ ಕಟ್ಟಡ ಎಬ್ಬಿಸಬೇಕಾಗಿಲ್ಲ ಎಂಬುದು ನನ್ನ ನಂಬಿಕೆ.

ಶಿವರಾಂಪೇಟೆಯ ರಸ್ತೆಗಳಲ್ಲಿ ಅಂಗಡಿಯ ಬೋರ್ಡುಗಳಿಂದ ಕಣ್ಣು ತೆಗೆದು ಸ್ವಲ್ಪ ಮೇಲೆ ನೋಡುತ್ತ ನಡೆಯಿರಿ. ಕೆಳಗೆ ಮೊಬೈಲ್ ಅಂಗಡಿ, ಚಪ್ಪಲಿ ಅಂಗಡಿ, ರೆಡಿಮೇಡ್ ಬಟ್ಟೆ. ಮೇಲೆ ಮುಚ್ಚಿದ ಕಿಟಕಿ, ಬಣ್ಣ ಹೋದ ಮರದ ಕಟಾಂಜನ, ಗಾರೆಯ ಸಂದಿಯಲ್ಲಿ ಬೇರು ಬಿಟ್ಟ ಅರಳಿ ಗಿಡ. ಅಂಥ ಮನೆಯೊಂದರ ಮಹಡಿಗೆ ಹತ್ತುವ ದಾರಿಯೇ ಇಲ್ಲ. ಅಂಗಡಿಗೆ ಇನ್ನಷ್ಟು ಅಗಲ ಬೇಕೆಂದು ಜಗಲಿಯ ಪಕ್ಕದ ಮೆಟ್ಟಿಲನ್ನು ಒಡೆದು ಹಾಕಿದ್ದಾರೆ. ಹೋದದ್ದು ನಾಲ್ಕಡಿ ಅಗಲದ ಮೆಟ್ಟಿಲು, ಅದರ ಜೊತೆಗೇ ಒಂದು ಸಂಸಾರ ಬಾಳಬಹುದಾಗಿದ್ದ ಮನೆಯೂ ಹೋಯಿತು. ಹಿಂಬದಿಗೆ ಹೋದರೆ ಶುಚಿಗೆಲಸಕ್ಕೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ ಸಿಗುತ್ತದೆ. ಅಲ್ಲೀಗ ಕಸ, ಹಳೆಯ ರಟ್ಟಿನ ಪೆಟ್ಟಿಗೆ, ಎ.ಸಿ. ಯಂತ್ರದ ಬಿಸಿಗಾಳಿ.

ಆ ಗಲ್ಲಿಗಳಿಗೊಂದು ಚರಿತ್ರೆಯಿದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ಲೇಗು ಮೈಸೂರಿಗೆ ಕಾಲಿಟ್ಟಾಗ, ಗಾಳಿ ಬೆಳಕಿಲ್ಲದ ಕಿಕ್ಕಿರಿದ ಕೇರಿಗಳಲ್ಲಿ ಜನ ಸತ್ತರು. ಅದರ ಬೆನ್ನಲ್ಲೇ, 1903ರಲ್ಲಿ, ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ದೇಶದಲ್ಲಿ ಇಂಥ ಸಂಸ್ಥೆ ಆಗ ಬೆರಳೆಣಿಕೆಯಷ್ಟು ಊರುಗಳಲ್ಲಿತ್ತು. ಹೊಸ ಬಡಾವಣೆ ಹಾಕುವುದು ಅದರ ಅರ್ಧ ಕೆಲಸ. ಇದ್ದ ಊರನ್ನು ವಾಸಕ್ಕೆ ಯೋಗ್ಯ ಮಾಡುವುದು, ಚರಂಡಿ, ರಸ್ತೆ, ಮನೆಯ ಹಿಂದಿನ ಗಲ್ಲಿ, ಇವೆಲ್ಲ ಉಳಿದರ್ಧ. ಕಾಲಕ್ರಮದಲ್ಲಿ ಆ ಉಳಿದರ್ಧ ಮರೆತೇಹೋಯಿತು. ಟ್ರಸ್ಟ್ ಬೋರ್ಡಿನ ಜಾಗಕ್ಕೆ 1988ರಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ (ಮುಡಾ) ಬಂತು. ಜಮೀನು ಸ್ವಾಧೀನ, ಸೈಟು ಹಂಚಿಕೆ, ಇದೇ ಅದರ ಉಸಿರಾಯಿತು. 2024ರಲ್ಲಿ, ಜಮೀನು ಬಿಟ್ಟುಕೊಟ್ಟವರಿಗೆ ಅಭಿವೃದ್ಧಿಪಡಿಸಿದ ಜಾಗದಲ್ಲಿ ಅರ್ಧ ಕೊಡುವ 50:50 ಅನುಪಾತದ ಸೈಟುಗಳ ವಿಚಾರ ರಾಜ್ಯವನ್ನೇ ಅಲ್ಲಾಡಿಸಿತು. ಯಾರಿಗೆ ಎಷ್ಟು ಸೈಟು ಹೋಯಿತು ಎಂದು ತಿಂಗಳುಗಟ್ಟಲೆ ಮಾತಾಡಿದೆವು. ಅದೇ ಪ್ರಾಧಿಕಾರ ಹಳೆಯ ಊರಿನಲ್ಲಿ ಎಷ್ಟು ಮನೆಗಳಿಗೆ ಜೀವ ಕೊಟ್ಟಿದೆ ಎಂದು ಕೇಳಲು ಯಾರಿಗೂ ತೋಚಲಿಲ್ಲ. ಈಗ ಹೊಸ ಕಾಯ್ದೆ ಬಂದು ಮೈಸೂರು ಅಭಿವೃದ್ಧಿ ಪ್ರಾಧಿಕಾರ ಎಂಬ ಹೆಸರು ಬಂದಿದೆ. ಹೆಸರಿನ ಜೊತೆ ಕೆಲಸವೂ ಬದಲಾಗಲಿ.

ಊರಾಚೆ ಬೆಳೆಯುವುದಕ್ಕೆ ತಗಲುವ ಖರ್ಚು ಸೈಟಿನ ಬೆಲೆಯಲ್ಲಿ ಕಾಣಿಸುವುದಿಲ್ಲ. ಪ್ರತಿ ಖಾಸಗಿ ಬಡಾವಣೆಗೂ ಕಾವೇರಿಯಿಂದಲೋ ಕಬಿನಿಯಿಂದಲೋ ಪೈಪು ಎಳೆಯಬೇಕು, ಒಳಚರಂಡಿ ಕೂಡಿಸಬೇಕು, ಬಸ್ಸು ಬಿಡಬೇಕು. ಬಡಾವಣೆ ಮಾಡಿದವರು ಸೈಟು ಮಾರಿ ಹೋದ ಮೇಲೆ ಆ ಹೊರೆ ಸ್ಥಳೀಯ ಸಂಸ್ಥೆಯ ತಲೆ ಮೇಲೆ. ಊರ ನಡುವೆ ಇವೆಲ್ಲ ಆಗಲೇ ಇವೆ. ಕೆ.ಆರ್. ಆಸ್ಪತ್ರೆ, ರೈಲು ನಿಲ್ದಾಣ, ಎರಡು ಬಸ್ ನಿಲ್ದಾಣ, ಮಹಾರಾಜ, ಮಹಾರಾಣಿ ಕಾಲೇಜು, ತರಕಾರಿಗೆ ದೇವರಾಜ ಮಾರುಕಟ್ಟೆ, ಎಲ್ಲವೂ ನಡೆದೇ ಹೋಗುವಷ್ಟು ಹತ್ತಿರ. ರಾತ್ರಿ ಪಾಳಿ ಮುಗಿಸಿದ ನರ್ಸ್‌ಗೆ, ಹಳ್ಳಿಯಿಂದ ಓದಲು ಬಂದ ಹುಡುಗಿಗೆ, ಗಾಡಿ ಓಡಿಸಲಾಗದ ವಯಸ್ಸಾದ ದಂಪತಿಗೆ ಇದಕ್ಕಿಂತ ಒಳ್ಳೆಯ ಜಾಗ ಮೈಸೂರಿನಲ್ಲಿಲ್ಲ.

ಹಾಗಾದರೆ ಮಾಲೀಕರೇಕೆ ಮನೆ ಮಾಡಿ ಕೊಡುತ್ತಿಲ್ಲ? ಮೊದಲ ಅಡ್ಡಿ ಕಾಗದಪತ್ರ. ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿರುತ್ತದೆ. ಮಕ್ಕಳಲ್ಲಿ ಒಬ್ಬರು ಬೆಂಗಳೂರು, ಒಬ್ಬರು ಅಮೆರಿಕ, ಇನ್ನೊಬ್ಬರು ಅಲ್ಲೇ ಹಿಂದಿನ ಎರಡು ಕೋಣೆಗಳಲ್ಲಿ. ಅಂಗಡಿಯವರು ಮೂವತ್ತು ವರ್ಷದ ಹಳೆಯ ಬಾಡಿಗೆದಾರರು. ನೋಂದಣಿಗೆ ಇ-ಖಾತೆ ಕಡ್ಡಾಯವಾದ ಮೇಲೆ ವಿಭಾಗಪತ್ರ ಆಗದ ಇಂಥ ಆಸ್ತಿ ಮಾರಲೂ ಆಗದು, ಸಾಲ ತೆಗೆಯಲೂ ಆಗದು. ಎರಡನೆಯದು ನಿಯಮ. ಪಕ್ಕದ ಮನೆಯ ಗೋಡೆಗೆ ಗೋಡೆ ಕೂಡಿಸಿ ಕಟ್ಟಿದ ಕಿರಿದಾದ, ಉದ್ದನೆಯ ಮನೆಗೆ ಹೊಸ ಬಡಾವಣೆಯ ಸೆಟ್‌ಬ್ಯಾಕು, ಪಾರ್ಕಿಂಗು ಕೇಳಿದರೆ ಕಟ್ಟುವುದೆಲ್ಲಿ? ದುರಸ್ತಿಯೂ ಬೇಡ, ಹೊಸದೂ ಬೇಡ ಎಂದು ಬೀಗ ಹಾಕಿ ಸುಮ್ಮನಾಗುತ್ತಾರೆ.

ಹೀಗೆ ಸುಮ್ಮನಾದರೆ ಏನಾಗುತ್ತದೆಂದು ಮೈಸೂರು ಕಣ್ಣಾರೆ ಕಂಡಿದೆ. 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಬೇಕೋ ಉಳಿಸಬೇಕೋ ಎಂಬ ಜಗ್ಗಾಟದಲ್ಲಿ ವರ್ಷಗಳು ಉರುಳಿದವು. ಸರ್ಕಾರಿ ಕಟ್ಟಡದ ಗತಿಯೇ ಹೀಗಾದರೆ, ಕೈಯಲ್ಲಿ ಕಾಸಿಲ್ಲದ ಖಾಸಗಿ ಮಾಲೀಕರು ಮಳೆಗಾಲ ಬಂದಾಗಲೆಲ್ಲ ಏನು ಮಾಡಬೇಕು?

ಇದಕ್ಕೊಂದು ದಾರಿ ಅಹಮದಾಬಾದಿನಲ್ಲಿದೆ. ಅಲ್ಲಿನ ಕೋಟೆಯೊಳಗಿನ ಊರು 2017ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಪಾರಂಪರಿಕ ಮನೆಯನ್ನು ಕೆಡವದೆ ದುರಸ್ತಿ ಮಾಡಿಸುವ ಮಾಲೀಕರಿಗೆ ಅಲ್ಲಿ ಟಿಡಿಆರ್ (ಬೇರೆಡೆಗೆ ವರ್ಗಾಯಿಸಬಹುದಾದ ಕಟ್ಟುವ ಹಕ್ಕು) ಕೊಡುತ್ತಾರೆ. ಅದನ್ನು ಊರಿನ ಬೇರೆ ಕಡೆ ಕಟ್ಟುವವರಿಗೆ ಮಾರಿ, ಬಂದ ದುಡ್ಡಿನಲ್ಲಿ ಮನೆ ರಿಪೇರಿ ಮಾಡಿಸಬಹುದು. ನಮ್ಮಲ್ಲಿ ಟಿಡಿಆರ್ ಎಂದರೆ ಜನಕ್ಕೆ ನೆನಪಾಗುವುದು ರಸ್ತೆ ಅಗಲೀಕರಣ. ಅದನ್ನೇ ಹಳೆಯ ಮನೆ ಉಳಿಸಲು ಬಳಸಿದರೆ ಅರಮನೆಯ ಸುತ್ತಲಿನ ಕಟ್ಟಡಗಳ ಎತ್ತರ ಮಿತಿಯಲ್ಲೇ ಇರುತ್ತದೆ, ಮಾಲೀಕರಿಗೂ ನಷ್ಟವಿಲ್ಲ. ಜೊತೆಗೆ, ಕನ್ಸರ್ವೆನ್ಸಿ ಗಲ್ಲಿಗಳನ್ನು ತೆರವು ಮಾಡಿ, ಕಲ್ಲು ಹಾಸಿ, ದೀಪ ಹಾಕಿದರೆ ಮಹಡಿ ಮನೆಗಳಿಗೆ ಹಿಂದಿನಿಂದ ಮೆಟ್ಟಿಲು ಕಟ್ಟಬಹುದು. ಮುಂದಿನ ಅಂಗಡಿಗೆ ಧಕ್ಕೆಯಿಲ್ಲ. ಮೂರು ಅಂತಸ್ತಿನೊಳಗೇ ಎಷ್ಟೋ ಮನೆಗಳು ವಾಪಸ್ ಸಿಗುತ್ತವೆ. ಇವೆಲ್ಲಕ್ಕೂ ಮೊದಲು, ವಾರಸುದಾರರ ಗೋಜಲು ಬಿಡಿಸಲು ವಾರ್ಡ್ ಮಟ್ಟದಲ್ಲಿ ಖಾತಾ ಅದಾಲತ್ ನಡೆಯಲಿ.

ಒಂದು ಭಯ ನನಗಿದೆ, ಮುಚ್ಚಿಡುವುದಿಲ್ಲ. ಊರ ನಡುವೆ ಮನೆಗೆ ಬೆಲೆ ಬಂದ ಕೂಡಲೇ ಕೊಡಲಿ ಬೀಳುವುದು ಬಡವರ ಬುಡಕ್ಕೆ. ಹೂ ಕಟ್ಟುವವರು, ಹಮಾಲರು, ಹೋಟೆಲ್ ಹುಡುಗರು ಈಗ ಒಂದೇ ಕೋಣೆಯಲ್ಲಿ ನಾಲ್ಕೈದು ಜನ ಇದ್ದಾರೆ. ಹೋಂಸ್ಟೇ ಮಾಡಿದರೆ ಹೆಚ್ಚು ಬಾಡಿಗೆ ಎಂದಾದರೆ ಅವರು ಒಂದೇ ವರ್ಷದಲ್ಲಿ ಊರಾಚೆ ಹೋಗಬೇಕಾಗುತ್ತದೆ. ಟಿಡಿಆರ್ ಪಡೆದ ಮಾಲೀಕರು ಮನೆಯನ್ನು ಇಂತಿಷ್ಟು ವರ್ಷ ವಾಸಕ್ಕೇ ಬಾಡಿಗೆಗೆ ಕೊಡಬೇಕು, ಇದ್ದ ಬಾಡಿಗೆದಾರರನ್ನು ಎಬ್ಬಿಸಬಾರದು ಎಂಬ ಷರತ್ತು ಆದೇಶದಲ್ಲೇ ಇರಬೇಕು.

ಪಾಲಿಕೆಯ ಹಿಂದಿನ ಕೌನ್ಸಿಲಿನ ಅವಧಿ 2023ರ ನವೆಂಬರಿನಲ್ಲೇ ಮುಗಿಯಿತು. ಮುಂದೆ ಮತ ಕೇಳಲು ಮನೆ ಬಾಗಿಲಿಗೆ ಬರುವವರನ್ನು ಹಳೆಯ ಮೊಹಲ್ಲಾಗಳ ಜನ ಇದೊಂದನ್ನು ಕೇಳಬೇಕು: ನಿಮ್ಮ ವಾರ್ಡಿನಲ್ಲಿ ಬೀಗ ಬಿದ್ದಿರುವ ಮಹಡಿಗಳೆಷ್ಟು, ಗೆದ್ದ ಮೊದಲ ವರ್ಷದಲ್ಲಿ ಅವುಗಳಲ್ಲಿ ಎಷ್ಟರ ಬೀಗ ತೆಗೆಸುತ್ತೀರಿ?