ಗಾಜಿನ ಮೇಲೊಂದು ಗಾಜು: ಬೆಂಗಳೂರಿಗೆ ತಂಪೋ, ತಾಪವೋ?

ಬೆಂಗಳೂರಿನ ಹೊರವರ್ತುಲ ರಸ್ತೆಯ ಇಕ್ಕೆಲಗಳಲ್ಲಿ ತಲೆಯೆತ್ತಿರುವ ಗಾಜಿನ ಕಟ್ಟಡಗಳು ಪ್ರಗತಿಯ ಪ್ರತೀಕವೆನಿಸಿವೆ. ಆದರೆ ಅವುಗಳ ಒಳಗಿನ ತಂಪಿಗೆ ತೆರಬೇಕಾದ ವಿದ್ಯುತ್ ಶುಲ್ಕ ಮಾತ್ರ ದುಬಾರಿ. ಇದಕ್ಕೆ ಮದ್ದೆಂದು ಹೇಳಲಾಗುವ ತಂತ್ರವೇ 'ಡಬಲ್ ಸ್ಕಿನ್', ಅಂದರೆ ಜೋಡಿ ಹೊದಿಕೆಯ ಹೊರಗೋಡೆ.

ಇದರ ತತ್ತ್ವ ಸರಳ. ಎರಡು ಪದರಗಳ ನಡುವೆ ಗಾಳಿಗೆಂದು ಜಾಗ ಬಿಡಲಾಗುತ್ತದೆ. ಚಳಿಗಾಲದಲ್ಲಿ ಕಿಂಡಿಗಳನ್ನು ಮುಚ್ಚಿದರೆ ಆ ಗಾಳಿಯೇ ಕಟ್ಟಡಕ್ಕೆ ಕಂಬಳಿ. ಬೇಸಿಗೆಯಲ್ಲಿ ತೆರೆದರೆ ಕಾದ ಗಾಳಿ ಮೇಲೇರಿ ಹೊರಬೀಳುತ್ತದೆ. 1997ರಲ್ಲಿ ಪೂರ್ಣಗೊಂಡ ಫ್ರಾಂಕ್‌ಫರ್ಟ್‌ನ ಕಾಮರ್ಜ್‌ಬ್ಯಾಂಕ್ ಗೋಪುರ ಈ ತಂತ್ರದ ಪ್ರಸಿದ್ಧ ನಿದರ್ಶನ.

ಆದರೆ ಜರ್ಮನಿಯಲ್ಲಿ ಕಟ್ಟಡವನ್ನು ಬೆಚ್ಚಗಿಡುವುದೇ ಮುಖ್ಯ ಚಿಂತೆ. ಬೆಂಗಳೂರಿನ ಚಳಿಗೆ ಹೀಟರ್ ಬೇಕಿಲ್ಲ. ಹಾಗಾಗಿ ಈ ತಂತ್ರದ ಅರ್ಧ ಲಾಭ ಇಲ್ಲಿಗೆ ಅಪ್ರಸ್ತುತ. ಉಳಿದರ್ಧವೂ ಷರತ್ತಿನದು. ಗಾಜು ಬಿಸಿಲನ್ನು ಒಳಬಿಡುತ್ತದೆ, ಆದರೆ ಒಳಗೆ ಕಾದ ವಸ್ತುಗಳು ಸೂಸುವ ಶಾಖವನ್ನು ಸುಲಭವಾಗಿ ಹೊರಬಿಡದು. ನಡುವೆ ನೆರಳಿನ ಪರದೆಯಿಲ್ಲದಿದ್ದರೆ, ಕಿಂಡಿಗಳು ಕಿರಿದಾದರೆ, ಆ ಸಂದೇ ಒಲೆಯಾಗುತ್ತದೆ. ಸಂದು ಬುಡದಿಂದ ತುದಿಯವರೆಗೆ ಅಖಂಡವಾಗಿದ್ದರೆ ಕೆಳಮಹಡಿಗಳ ಬಿಸಿಗಾಳಿ ಮೇಲಿನವರ ಪಾಲಿಗೆ. ಬೆಂಕಿ ಬಿದ್ದರೆ ಹೊಗೆಗೂ ಅದೇ ಹಾದಿ.

ಜೋಡಿ ಗೋಡೆಯೆಂದರೆ ಗಾಜೇ ಆಗಬೇಕೆಂದಿಲ್ಲ ಎಂಬುದಕ್ಕೆ ನಿದರ್ಶನ ನಗರದಲ್ಲೇ ಇದೆ. ದೊಮ್ಮಲೂರಿನ 'ಟೆರಿ' ಸಂಸ್ಥೆಯ ಕಟ್ಟಡದ ದಕ್ಷಿಣಕ್ಕೆ ಕೊಳಚೆ ಕಾಲುವೆ. ವಾಸ್ತುಶಿಲ್ಪಿ ಸಂಜಯ್ ಮೊಹೆ ಅತ್ತ ಕಿಟಕಿಗಳನ್ನಿಡದೆ ಕಪ್ಪು ಕಡಪ ಕಲ್ಲು ಹೊದಿಸಿದ ಪೊಳ್ಳು ಗೋಡೆ ನಿಲ್ಲಿಸಿದರು. ಬಿಸಿಲಿಗೆ ಕಲ್ಲು ಕಾದು, ಸಂದಿನ ಗಾಳಿ ಮೇಲೇರಿ, ಒಳಗಿನ ಬಿಸಿಗಾಳಿಯನ್ನು ಸೆಳೆದೊಯ್ಯುತ್ತದೆ. ಉತ್ತರದಿಂದ ಹೊಸ ಗಾಳಿ ಒಳಬರುತ್ತದೆ. ಬಿಸಿಲೇ ಇಲ್ಲಿ ಫ್ಯಾನು.

ನಿಯಮಗಳೂ ಈ ದಿಕ್ಕಿನಲ್ಲೇ ಸಾಗಿವೆ. 2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯು ನಿಗದಿತ ಮಾನದಂಡಗಳ ದಾರಿ ಹಿಡಿಯುವ ವಾಣಿಜ್ಯ ಕಟ್ಟಡಗಳಿಗೆ ಕಿಟಕಿ ಗಾಜು ಗೋಡೆಯ ಶೇ. 40 ಮೀರದಂತೆ ಮಿತಿ ವಿಧಿಸಿತು. ಹೆಚ್ಚು ಗಾಜು ಬೇಕೆಂದವರು ಇಡೀ ಕಟ್ಟಡದ ಇಂಧನ ಬಳಕೆಯ ಲೆಕ್ಕ ಒಪ್ಪಿಸಬೇಕಾಯಿತು.

ತೊಡಕಿರುವುದು ಹಣದ ಲೆಕ್ಕದಲ್ಲಿ. ಬಾಡಿಗೆ ಕಚೇರಿಗಳಲ್ಲಿ ಕಟ್ಟುವವರು ಒಬ್ಬರು, ವಿದ್ಯುತ್ ಬಿಲ್ ತೆರುವವರು ಮತ್ತೊಬ್ಬರು. ನೆರಳು, ಕಿಂಡಿ, ನಿರ್ವಹಣೆಗೆ ತಗಲುವ ವೆಚ್ಚ ಮೊದಲಿನವರದು, ಉಳಿತಾಯ ಎರಡನೆಯವರದು. ಈ ಅಂತರ ಮುಚ್ಚದ ಹೊರತು ಎರಡನೇ ಗಾಜು ಕಟ್ಟಡದ ಅಂದ ಹೆಚ್ಚಿಸೀತೇ ವಿನಾ ಸೆಕೆ ತಗ್ಗಿಸಲಾರದು.