ಎಲ್ಲದಕ್ಕೂ ಜಾಲಿ ಮುಳ್ಳನ್ನೇ ಬೈಯಬೇಡಿ

ಪರಶುರಾಂಪುರದ ಕಡೆ ಬೈಕಿನ ಟೈರು ಕೂತಿತೆಂದರೆ ಮೊದಲು ಬೈಸಿಕೊಳ್ಳುವುದು ಬಳ್ಳಾರಿ ಜಾಲಿ. ಬೈಸಿಕೊಳ್ಳುವ ಅರ್ಹತೆ ಅದಕ್ಕೆ ಇದ್ದೇ ಇದೆ. ಕೆರೆ ಅಂಗಳ, ಹಳ್ಳದ ದಂಡೆ, ಬೀಳುಬಿದ್ದ ಹೊಲ, ರಸ್ತೆಯ ಇಕ್ಕೆಲ, ಹೀಗೆ ಸಿಕ್ಕಲ್ಲೆಲ್ಲ ಹಬ್ಬಿದ ಗಿಡ ಅದು. ಒಣಗಿದ ಮುಳ್ಳು ಚಪ್ಪಲಿಯನ್ನೇ ದಾಟಿ ಪಾದಕ್ಕೆ ಇಳಿಯುತ್ತದೆ, ಇನ್ನು ಸವೆದ ಟೈರು ಯಾವ ಲೆಕ್ಕ? ಆದರೂ ಪಂಚರ್ ಅಂಗಡಿಯಲ್ಲಿ ಬಿಚ್ಚಿದ ಟ್ಯೂಬು ಪ್ರತಿ ಸಲವೂ ಜಾಲಿಯ ವಿರುದ್ಧ ಸಾಕ್ಷಿ ಹೇಳುವುದಿಲ್ಲ.

ಟ್ಯೂಬಿಗೆ ಗಾಳಿ ತುಂಬಿ ನೀರಿನ ಬಾಂಡ್ಲಿಯಲ್ಲಿ ಮುಳುಗಿಸಿದಾಗ ಗುಳ್ಳೆ ಎಲ್ಲಿಂದ ಏಳುತ್ತದೆ ಎಂದು ಸವಾರರು ಒಮ್ಮೆ ಬಗ್ಗಿ ನೋಡಬೇಕು. ಹೊರಮೈಯಲ್ಲಿ ಸೂಜಿಮೊನೆಯಷ್ಟು ಒಂದೇ ತೂತಿದ್ದರೆ ಮುಳ್ಳೋ ಮೊಳೆಯೋ ಚುಚ್ಚಿದೆ. ಹಾವು ಕಚ್ಚಿದ ಗುರುತಿನ ಹಾಗೆ ಅಕ್ಕಪಕ್ಕ ಎರಡು ಸೀಳಿದ್ದರೆ ಮುಳ್ಳು ನಿರಪರಾಧಿ. ಗಾಳಿ ಸಾಲದ ಟೈರು ಗುಂಡಿಯ ಅಂಚಿಗೆ ಬಡಿದು, ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕ ಟ್ಯೂಬು ಜಜ್ಜಿಹೋಗಿದೆ ಎಂದರ್ಥ. ವಾಲ್ವಿನ ಬುಡ ಹರಿದಿದ್ದರೂ ಬಹುತೇಕ ಅದೇ ಕತೆ. ಗಾಳಿ ಕಡಿಮೆಯಿದ್ದರೆ ಬ್ರೇಕ್ ಹಿಡಿದಾಗ, ಎಕ್ಸಲರೇಟರ್ ತಿರುವಿದಾಗ ಟೈರು ರಿಮ್ಮಿನ ಮೇಲೆ ಇಷ್ಟಿಷ್ಟೇ ಜಾರುತ್ತಾ ಒಳಗಿನ ಟ್ಯೂಬನ್ನೂ ಎಳೆದೊಯ್ಯುತ್ತದೆ. ವಾಲ್ವು ಮಾತ್ರ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡು ನಿಂತಿರುತ್ತದೆ. ಹರಿಯದೆ ಇನ್ನೇನಾದೀತು? ಅಲ್ಲಿ ಪ್ಯಾಚ್ ಕೂರುವುದಿಲ್ಲ, ಹೊಸ ಟ್ಯೂಬೇ ಗತಿ.

ಪಂಚರಿನ ಹೆಸರಿನಲ್ಲಿ ಆಗುವ ಈ ಖರ್ಚು ನಿಜವಾಗಿ ಗಾಳಿ ಅಳೆಯದೆ ಓಡಿಸಿದ್ದಕ್ಕೆ ತೆರುವ ದಂಡ.

ಗಾಳಿ ಇಳಿಸಿದರೆ ಮರಳಿನಲ್ಲಿ ಚಕ್ರ ಹೂತುಕೊಳ್ಳುವುದಿಲ್ಲ ಎಂಬುದು ನದಿ ದಂಡೆಯ ಹುಡುಗರಿಗೆಲ್ಲ ಗೊತ್ತು. 2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ವೇದಾವತಿ ತುಂಬಿ ಹರಿದಳು. ಆದರೆ ಮಳೆ ಕೈಕೊಟ್ಟ ವರ್ಷಗಳಲ್ಲಿ ಅವಳ ಪಾತ್ರದಲ್ಲಿ ಉಳಿಯುವುದು ಮರಳೇ. ವಾಲ್ವ್ ಪಿನ್ ಒತ್ತಿ ‘ಸುಸ್’ ಎನ್ನಿಸಿ ದಾಟುವ ಉಪಾಯ ತಪ್ಪಲ್ಲ. ದಾಟಿದ ಮೇಲೆ ಮತ್ತೆ ಗಾಳಿ ಹೊಡೆಸದೆ, ಹಿಂದೆ ಇಬ್ಬರನ್ನು ಕೂರಿಸಿಕೊಂಡು ಚಳ್ಳಕೆರೆಯವರೆಗೆ ಹೋಗುವುದು ತಪ್ಪು.

ಕಡಿಮೆ ಗಾಳಿಯ ವಿದ್ಯೆಯನ್ನು ಅರೆದು ಕುಡಿದವರು ಟ್ರಯಲ್ಸ್ ಬೈಕಿನವರು. ಬಂಡೆ, ಬೇರು, ತೊರೆಗಳ ಮೇಲೆ ಕಾಲು ನೆಲಕ್ಕೆ ತಾಗಿಸದೆ ಬೈಕ್ ಹತ್ತಿಸುವ ಆಟ ಅದು. ಕಾಲೂರಿದರೆ ದಂಡದ ಅಂಕ. ಸ್ಪೇನಿನ ಟೋನಿ ಬೋ 2007ರಿಂದ 2024ರವರೆಗೆ ಒಂದು ವರ್ಷವೂ ಬಿಡದೆ ಇದರ ವಿಶ್ವ ಚಾಂಪಿಯನ್. ಮೊಳಕಾಲ್ಮುರಿನ ಬಂಡೆಗುಡ್ಡಗಳನ್ನು ಕಂಡರೆ ಅವನಿಗೂ ಆಸೆಯಾದೀತು. (ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ, ಅಲ್ಲಿ ಮಾತ್ರ ಬೇಡ.) ನಮ್ಮ ರಸ್ತೆ ಬೈಕುಗಳಿಗೆ 25ರಿಂದ 30 ಪಿಎಸ್‌ಐ ಗಾಳಿ ಸಾಮಾನ್ಯ. ಟ್ರಯಲ್ಸ್ ಬೈಕಿನ ಹಿಂದಿನ ಚಕ್ರಕ್ಕೆ ಹಾಕುವುದು ಬರೀ 4–5. ಟೈರು ಬಂಡೆಯ ಉಬ್ಬುತಗ್ಗನ್ನು ತಬ್ಬಿ ಹಿಡಿಯಲಿ ಎಂದು.

ತೊಂದರೆ ಶುರುವಾಗುವುದೂ ಅಲ್ಲೇ. ಆ ಹಿಂದಿನ ಟ್ಯೂಬ್‌ಲೆಸ್ ಟೈರಿನ ಅಂಚನ್ನು ರಿಮ್ಮಿಗೆ ಒತ್ತಿ ಹಿಡಿಯುವುದು ಒಳಗಿನ ಗಾಳಿಯೇ. ಗಾಳಿ ಕಡಿಮೆಯಾದಷ್ಟೂ ಆ ಒತ್ತು ಸಡಿಲ. ಒಂದು ಕಾಳು ಮರಳು, ಒಂದು ಚೂರು ತುಕ್ಕು ನಡುವೆ ಸೇರಿದರೂ ಸೋರಿಕೆ. ಕಡ್ಡಿ ಚಕ್ರವಾದ್ದರಿಂದ ಕಡ್ಡಿಗಳ ತೂತುಗಳಿಂದಲೂ ಗಾಳಿ ನುಸುಳುತ್ತದೆ. ಅದಕ್ಕೆ ರಿಮ್ಮಿನ ಒಳಗೆ ದಪ್ಪ ರಬ್ಬರ್ ಪಟ್ಟಿ ಬಿಗಿಯುತ್ತಾರೆ. ಟ್ಯೂಬಿರುವ ಮುಂದಿನ ಚಕ್ರದಲ್ಲಿ ಟೈರು ಜಾರದಂತೆ ರಿಮ್ಮಿಗೆ ಅಮುಕಿ ಹಿಡಿಯುವ ಬೋಲ್ಟ್ ಇರುತ್ತದೆ. 30ರಲ್ಲಿ 2 ಪಿಎಸ್‌ಐ ಇಳಿದರೆ ಸವಾರನಿಗೆ ಗೊತ್ತೇ ಆಗುವುದಿಲ್ಲ, 5ರಲ್ಲಿ 2 ಇಳಿದರೆ ಹೆಚ್ಚುಕಡಿಮೆ ಅರ್ಧ ಹೋಯಿತು. ಆದ್ದರಿಂದ ಅವರ ಕಿಸೆಯಲ್ಲಿ ಸಣ್ಣ ಒತ್ತಡಕ್ಕೆಂದೇ ಮಾಡಿದ, 15 ಪಿಎಸ್‌ಐವರೆಗೆ ಮಾತ್ರ ತೋರಿಸುವ ಮೀಟರ್ ಇರುತ್ತದೆ. ಮುಳ್ಳುಕಲ್ಲಿನ ದೂರದ ರ್‍ಯಾಲಿಗಳದು ಬೇರೆ ದಾರಿ. 2015ರಲ್ಲಿ ಡಕಾರ್ ರ್‍ಯಾಲಿ ಪೂರೈಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಓಡಿಸಿದಂಥ ಬೈಕುಗಳಲ್ಲಿ ಟ್ಯೂಬಿನ ಬದಲು ‘ಮೂಸ್’ ಎಂಬ ಗಟ್ಟಿ ನೊರೆರಬ್ಬರಿನ ಬಳೆ ತುಂಬಿರುತ್ತಾರೆ. ಗಾಳಿಯೇ ಇಲ್ಲದ ಮೇಲೆ ಪಂಚರೆಲ್ಲಿ?

ನಮ್ಮ ಟಿವಿಎಸ್ ಎಕ್ಸೆಲ್‌ಗೆ ಆ ಬಳೆಯೂ ಬೇಡ, ಬೋಲ್ಟೂ ಬೇಡ. ಅದಕ್ಕೆ ಬೇಕಾದ್ದು ಸರಿಯಾದ ಗಾಳಿ. ಶೇಂಗಾ ಕಟಾವಿನ ದಿನಗಳಲ್ಲಿ ಮುಂದೊಂದು ಮೂಟೆ, ಹಿಂದೆ ಮನೆಯವರು, ಹ್ಯಾಂಡಲಿಗೆ ಕ್ಯಾನು ಹೇರಿಕೊಂಡು ಹೊರಟ ಎಕ್ಸೆಲ್‌ನ ಹಿಂದಿನ ಟೈರನ್ನು ನೋಡಿ: ಬದಿ ಸುಕ್ಕುಗಟ್ಟಿ ನೆಲಕ್ಕೆ ಒರಗಿರುತ್ತದೆ. ಭಾರ ಹೆಚ್ಚಾದಾಗ ಹಿಂದಿನ ಚಕ್ರಕ್ಕೆ ಎಷ್ಟು ಹೆಚ್ಚು ಗಾಳಿ ಬೇಕೆಂದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಆ ಪುಸ್ತಕ ಮನೆಯ ಅಟ್ಟದ ಮೇಲಿರುತ್ತದೆ. ಗಾಡಿಯವರು ಹೆಬ್ಬೆರಳಲ್ಲಿ ಒತ್ತಿ ‘ಐತೆ ಬಿಡಪ್ಪ’ ಎಂದು ಹೊರಡುತ್ತಾರೆ. ಹೆಬ್ಬೆರಳಿಗೆ 18 ಮತ್ತು 28ರ ವ್ಯತ್ಯಾಸ ತಿಳಿಯುವುದು ಕಷ್ಟ.

ಮುಳ್ಳಿಲ್ಲದೆಯೂ ಎರಡು ದಿನಕ್ಕೊಮ್ಮೆ ಗಾಳಿ ಇಳಿಯುವ ಟ್ಯೂಬ್‌ಲೆಸ್ ಟೈರಿಗೆ ಬತ್ತಿ ತುರುಕಿಸುವ ಮೊದಲು ರಿಮ್ಮಿನ ಅಂಚಿಗೂ ವಾಲ್ವಿನ ಬಾಯಿಗೂ ಸೋಪಿನ ನೀರು ಹಾಕಿಸಿ ನೋಡಬೇಕು. ಗುಂಡಿಗೆ ಬಿದ್ದು ಸೊಟ್ಟಗಾದ ಅಲಾಯ್ ರಿಮ್, ಅಂಚಿಗೆ ಕಚ್ಚಿದ ಕಿಲುಬು, ಧೂಳು ಕೂತ ವಾಲ್ವ್ ಪಿನ್ ಇವೇ ಹೆಚ್ಚಾಗಿ ಸಿಕ್ಕಿಬೀಳುವವು. ವಾಲ್ವಿನ ಪುಟ್ಟ ಕ್ಯಾಪ್ ಕಳೆದುಕೊಂಡ ಬೈಕುಗಳಿಗಂತೂ ಲೆಕ್ಕವಿಲ್ಲ.

ಎಲ್ಲ ತಪ್ಪನ್ನೂ ಸವಾರರ ತಲೆಗೆ ಕಟ್ಟುವುದು ನ್ಯಾಯವಲ್ಲ. ಪೆಟ್ರೋಲ್ ಬಂಕ್‌ಗಳು ಗಾಳಿಯನ್ನು ಉಚಿತವಾಗಿ ಕೊಡಲೇಬೇಕು; ತೈಲ ಕಂಪನಿಗಳು ಬಂಕ್‌ಗಳಿಗೆ ವಿಧಿಸಿರುವ ನಿಯಮವೇ ಅದು. ಹಳ್ಳಿಗಾಡಿನ ಬಂಕ್‌ಗಳಲ್ಲಿ ಕಾಣುವುದು ಮಾತ್ರ ತುಂಡಾದ ಪೈಪು, ಗೋಣಿಚೀಲ ಹೊದ್ದ ಯಂತ್ರ, ‘ಹುಡುಗ ಊಟಕ್ಕೆ ಹೋಗಿದಾನೆ’ ಎಂಬ ಉತ್ತರ. ಯಂತ್ರ ನಡೆಯುವ ಕಡೆಯೂ ಮೀಟರಿನ ಮುಳ್ಳು ಸರಿ ತೋರಿಸುತ್ತಿದೆಯೇ ಎಂದು ಕೇಳುವವರಿಲ್ಲ. ಪೆಟ್ರೋಲಿನ ಅಳತೆಯನ್ನು ಪರೀಕ್ಷಿಸಿ ಮುದ್ರೆ ಹಾಕುವ ಕಾನೂನು ಮಾಪನ ಇಲಾಖೆಯ ಅಧಿಕಾರಿಗಳು ಅದೇ ಭೇಟಿಯಲ್ಲಿ ಗಾಳಿ ಮೀಟರನ್ನೂ ಒಮ್ಮೆ ನೋಡಲಿ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಸವಾರರೂ ಪೆಟ್ರೋಲ್ ಹಾಕಿಸಿದ ಮೇಲೆ ಗಾಳಿ ಕೇಳಿ ಪಡೆಯಲಿ. ಬಂಕ್‌ನಲ್ಲಿ ದೂರು ಪುಸ್ತಕ ಇರಲೇಬೇಕು. ಗಾಳಿ ಇಲ್ಲವೆಂದರೆ ಅದನ್ನು ತರಿಸಿಕೊಂಡು ಎರಡು ಸಾಲು ಬರೆದೇ ಮುಂದೆ ಹೋಗಿ.